ಕೆಲವೇ ಕಾರುಗಳ ಲೆಕ್ಕ

ಭಾನುವಾರದ ನಸುಕು. ನಂದಿಬೆಟ್ಟದ ತಿರುವುಗಳನ್ನೇರುತ್ತಿದ್ದ ಕೆಂಪು ಕಾರೊಂದರ ಗರ್ಜನೆ ಬುಡದ ಚಹದಂಗಡಿಯವರೆಗೂ ಕೇಳಿಸಿತು. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರ ಮಗ ಲೋಟವನ್ನು ಕೆಳಗಿಟ್ಟು ತಂದೆಯ ಕಡೆಗೆ ತಿರುಗಿದ.

"ಅಪ್ಪ, ಮಿಶ್ರತಳಿಯ ನೂಲನ್ನು ಬಿಟ್ಟುಬಿಡೋಣ. ದ್ವಿತಳಿಯನ್ನೇ, ಸ್ವಲ್ಪವೇ ತೆಗೆದು ಹೆಚ್ಚು ಬೆಲೆಗೆ ಮಾರೋಣ. ಫೆರಾರಿಯವರು ಮಾಡುವುದೂ ಅದನ್ನೇ."

ಮಾತು ಸುಳ್ಳಲ್ಲ. 2023ರಲ್ಲಿ ಇಟಲಿಯ ಆ ಸಂಸ್ಥೆ ಮಾರಿದ್ದು 13,663 ಕಾರುಗಳನ್ನು ಮಾತ್ರ. ಉಳಿದ ಲಾಭವೋ ನೂರು ಕೋಟಿ ಯೂರೋಗಳಿಗೂ ಮಿಗಿಲು. ಬೇಡಿಕೆಗಿಂತ ಒಂದು ಕಡಿಮೆ ಮಾಡಬೇಕೆಂಬುದು ಆ ಮನೆಯ ಸೂತ್ರ.

ಆದರೆ ತಂದೆಗೆ ನೆನಪಾದುದು, ಹಿಂದೊಮ್ಮೆ ಬೆಂಗಳೂರಿನ ರಸ್ತೆಯಲ್ಲಿ ಕಂಡಿದ್ದ 'ಸ್ಯಾನ್ ಸ್ಟಾರ್ಮ್'. ಗೋವೆಯಲ್ಲಿ ತಯಾರಾಗುತ್ತಿದ್ದ ಎರಡೇ ಆಸನದ ಕಾರು. ಮೈಯೆಲ್ಲ ಫೈಬರ್‌ಗ್ಲಾಸ್, ಉಕ್ಕಿನ ಹಾಳೆಯನ್ನೊತ್ತುವ ದುಬಾರಿ ಅಚ್ಚುಗಳ ಗೊಡವೆಯಿಲ್ಲ. ಅದೂ ಕೆಲವೇ ಕೆಲವು. ಆದರೂ ಕೊಳ್ಳುವವರು ವಿರಳವಾದರು, ತಯಾರಿಕೆಯೂ ನಿಂತಿತು.

"ಅಲ್ಲಪ್ಪ, ನಕ್ಷೆ, ಅಚ್ಚು, ಪರೀಕ್ಷೆ ಇವುಗಳ ಖರ್ಚು ಹತ್ತು ಕಾರಿಗೂ ಅಷ್ಟೇ, ಸಾವಿರ ಕಾರಿಗೂ ಅಷ್ಟೇ. ಹತ್ತೇ ಆದರೆ ಅಷ್ಟೂ ಭಾರ ಆ ಹತ್ತರ ತಲೆಯ ಮೇಲೆ. ನಮ್ಮ ಬಾಯ್ಲರೂ ಹಾಗೆಯೇ. ಒಂದು ಕಿಲೋ ನೂಲಿಗೂ ಉರಿಯಲೇಬೇಕು. ಕಡಿಮೆ ಮಾಡುವುದು ಯಾರಿಗೆ ಬಾರದು? ಅದಕ್ಕಾಗಿ ಕಾದು ನಿಲ್ಲುವವರಿರಬೇಕು."

ಮಗನ ಮುಖ ಬಾಡಿತು. ತಂದೆ ಚಹದ ಹಣ ತೆತ್ತು ಮೇಲೆದ್ದರು.

"ಮೊದಲು ನೇಕಾರರನ್ನು ಕೇಳಿ ಬಾ. ಇಬ್ಬರು ಮುಂಗಡ ಕೊಟ್ಟರೂ ಸಾಕು, ಒಂದು ಬೇಸಿನ್ ನಿನ್ನದು."