ನಗರದ ಕೋಟೆಯೂ ಕಲ್ಲಿಲ್ಲದ ಸಿಪಾಯಿಗಳೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ವೀರಗಲ್ಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ತೋಟದ ದಣಪೆ ದಾಟುವಾಗ ಅದೇ ಎದುರಾಗುತ್ತದೆ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕತ್ತಿ ಬೀಸುವ ವೀರ, ನಡುವೆ ಅವನ ತೋಳು ಹಿಡಿದು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ, ನೆತ್ತಿಯಲ್ಲಿ ಸೂರ್ಯಚಂದ್ರ. ಮಲೆನಾಡಿನ ಮಳೆಗೆ ಹಾವಸೆ ಕಟ್ಟಿ ಮೂಗು ಬಾಯಿ ಸವೆದಿರುತ್ತವೆ. ತುರುಬಿನ ಗಂಟು ಮಾತ್ರ ಕೈಲಾಸಕ್ಕೆ ಹೋದ ಮೇಲೂ ಸಡಿಲವಾಗಿರುವುದಿಲ್ಲ! ಇವರಲ್ಲಿ ಎಷ್ಟೋ ಜನ ರಾಜ್ಯ ಗೆಲ್ಲಲು ಹೋದವರಲ್ಲ, ಊರಿನ ದನ ಬಿಡಿಸಿಕೊಳ್ಳಲು ಹೋಗಿ ಸತ್ತವರು. ಹೆಸರು ಮರೆತಿದ್ದರೂ ಹಬ್ಬಕ್ಕೊಂದು ಕಾಯಿ ಒಡೆಯುವವರು ಇದ್ದಾರೆ.

ಆದರೆ ಹೊರಗಿನಿಂದ ಬಂದು ಇಲ್ಲಿ ಸತ್ತವರ ಗತಿ?

ಹೊಸನಗರ ತಾಲ್ಲೂಕಿನ ನಗರದ ಕೋಟೆ ಹತ್ತಿದಾಗೆಲ್ಲ ಈ ಪ್ರಶ್ನೆ ಏಳುತ್ತದೆ. ಕೆಳದಿ ಅರಸರ ಬಿದನೂರು ಇದು. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಎಂದ. ಜನ ಹೈದರನನ್ನು ಬಿಟ್ಟು ನಗರವನ್ನು ಉಳಿಸಿಕೊಂಡರು. 1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡಿದ್ದೇ ತಡ, ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಪಡೆ ಜನರಲ್ ರಿಚರ್ಡ್ ಮ್ಯಾಥ್ಯೂಸ್‌ನ ಕೈಕೆಳಗೆ ಕುಂದಾಪುರದ ಕಡೆಯಿಂದ ಘಾಟಿ ಹತ್ತಿತು. ಜನವರಿ ಮುಗಿಯುವುದರೊಳಗೆ ಇಲ್ಲಿನ ಅಧಿಕಾರಿ ಅಯಾಜ್ ಖಾನ್ ಕೋಟೆ ಒಪ್ಪಿಸಿಬಿಟ್ಟ. ಅದೇ ದಂಡು ಸಾಗರ ತಾಲ್ಲೂಕಿನ ಆನಂದಪುರದ ಕೋಟೆಗೆ ಲಗ್ಗೆ ಹಾಕಿ ಕಾವಲಿನವರನ್ನು ಕಡಿದುಹಾಕಿತು. ಗೆದ್ದ ಸುಖ ಹೆಚ್ಚು ದಿನ ಉಳಿಯಲಿಲ್ಲ. ಏಪ್ರಿಲ್‌ನಲ್ಲಿ ಟಿಪ್ಪು ಬಂದು ಮುತ್ತಿದ; ಅವನ ಜೊತೆ ಫ್ರೆಂಚ್ ಸಿಪಾಯಿಗಳೂ ಇದ್ದರು. ಅಂದರೆ ಯುರೋಪಿನ ಹಳೇ ಜಗಳವೊಂದು ನಮ್ಮ ಶರಾವತಿಯ ದಂಡೆಯವರೆಗೆ ಬಂದು ಗುಂಡು ಹಾರಿಸಿತು.

ತಿಂಗಳ ಕೊನೆಗೆ ಮ್ಯಾಥ್ಯೂಸ್ ಶರಣಾದ. ಖಜಾನೆಯ ಹಣವನ್ನು ಅಧಿಕಾರಿಗಳು ಹಂಚಿಕೊಂಡಿದ್ದಾರೆ, ಶರಣಾಗತಿಯ ಕರಾರು ಮುರಿದಿದ್ದಾರೆ ಎಂದು ಟಿಪ್ಪು ಎಲ್ಲರಿಗೂ ಬೇಡಿ ಹಾಕಿಸಿದ. ಕೆಲವರು ಚಿತ್ರದುರ್ಗಕ್ಕೆ ನಡೆದರು. ಮ್ಯಾಥ್ಯೂಸ್ ಆ ವರ್ಷವೇ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಅವನ ಬಗ್ಗೆ ನನಗೆ ಅಂಥ ಕನಿಕರವೇನೂ ಇಲ್ಲ; ದುರಾಸೆಗೆ ಬೆಲೆ ತೆತ್ತ, ಚರಿತ್ರೆಯಲ್ಲಿ ಹೆಸರನ್ನಾದರೂ ಪಡೆದ. ಹಣ ಹಂಚಿಕೊಂಡವರು ಅಧಿಕಾರಿಗಳು, ಬೇಡಿ ಹೊತ್ತವರಲ್ಲಿ ಸಂಬಳಕ್ಕೆ ಬಂದ ಬೊಂಬಾಯಿ ಕಡೆಯ ಸಿಪಾಯಿಗಳೂ ಇದ್ದರು. ಮಲೆನಾಡಿಗೆ ಅವರೂ ಪರದೇಶಿಗಳೇ.

ಪರದೇಶಿಗಳಿಗೆ ಕಲ್ಲು ಸಿಕ್ಕ ಜಾಗವೂ ಇದೆ: ಶ್ರೀರಂಗಪಟ್ಟಣದ ದಂಡಿನ ಸ್ಮಶಾನದಲ್ಲಿ ಸುಮಾರು ಮುನ್ನೂರು ಗೋರಿಗಳಿವೆ. ಸ್ವಿಟ್ಜರ್ಲೆಂಡಿನ ದ ಮ್ಯೂರಾನ್ ರೆಜಿಮೆಂಟಿನವರು, ಅವರ ಹೆಂಡಿರು, ಮಕ್ಕಳು ಅಲ್ಲಿದ್ದಾರೆ. ದ ಮ್ಯೂರಾನ್ ಮನೆತನದ ವಂಶಸ್ಥರೇ ದುಡ್ಡು ಕೊಟ್ಟು ಜೀರ್ಣೋದ್ಧಾರ ಮಾಡಿಸಿದರು. ನಗರದಲ್ಲಿ ಸತ್ತವರಿಗೆ ಅಂಥ ಮೊಮ್ಮಕ್ಕಳು ಬರಲಿಲ್ಲ. ನಾನು ಸುತ್ತಿದ ಮಟ್ಟಿಗೆ ಕೋಟೆಯಲ್ಲಿ ಅವರ ಒಂದು ಕಲ್ಲೂ ಇಲ್ಲ. ಅರಸರ ಕಥೆಯೂ ಹೆಚ್ಚು ಬೇರೆಯಲ್ಲ: ಹತ್ತಿರದಲ್ಲೇ ಕೆಳದಿಯ ಅರಸ ಶಿವಪ್ಪನಾಯಕನ ಸಮಾಧಿಯಿದೆ. ಕೋಟೆ ನೋಡಿ ಫೋಟೋ ತೆಗೆಸಿಕೊಂಡವರು ಅಲ್ಲಿಗೂ ಹೋಗುವುದು ಅಪರೂಪ.

ಹೊಸ ಸ್ಮಾರಕ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಕೋಟೆಯ ಬಾಗಿಲಲ್ಲಿ 1783ರ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲಿನ ಫಲಕ ಸಾಕು. ಅದರಲ್ಲಿ ಮೊದಲ ಸಾಲು ಆನಂದಪುರದಲ್ಲಿ ಸತ್ತ ಕಾವಲಿನವರದ್ದಾಗಿರಲಿ, ಕೊನೆಯದು ಬೇಡಿ ಹಾಕಿಸಿಕೊಂಡು ಹೋದ ಸಿಪಾಯಿಗಳದ್ದಾಗಲಿ. ಮತ್ತೆ, ನಿಮ್ಮ ಹಿತ್ತಲಲ್ಲಿ ವೀರಗಲ್ಲು ಇದ್ದರೆ ದಯವಿಟ್ಟು ಅದರ ಮೇಲೆ ಬಟ್ಟೆ ಒಗೆಯಬೇಡಿ ಮಾರಾಯ್ರೇ.