ಒಡೆತನ ಮತ್ತು ಅನುಮತಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟವೇ ಜೀವಾಳ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಆಳ್ವಿಕೆಯ ಕಾಲದಿಂದ ಅಲ್ಲಿ ನಡೆದುಬಂದಿದೆ. ಬೆಟ್ಟದ ಒಡೆತನ ಸರ್ಕಾರದ್ದು. ತೋಟಿಗನಿಗೆ ಇರುವುದು ಬಳಕೆಯ ಹಕ್ಕು. ಅವನು ದರಕು ಗುಡಿಸಬಹುದು, ಗೊಬ್ಬರಕ್ಕೆ ಸೊಪ್ಪು ತರಬಹುದು. ಮರ ಕಡಿದು ಮಾರುವಂತಿಲ್ಲ. ಒಡೆತನ ಬೇರೆ, ಅನುಮತಿ ಬೇರೆ ಎಂಬುದನ್ನು ಅಲ್ಲಿನ ಕೃಷಿಕ ಬಹುಕಾಲದಿಂದ ಬಲ್ಲ.

ಇದೇ ವಿವೇಕ ಗಣಕಯಂತ್ರಗಳ ಲೋಕಕ್ಕೂ ಬೇಕಾಯಿತು. ಒಂದೇ ಸರ್ವರನ್ನು ಹಲವರು ಬಳಸುವಾಗ ಯಾರ ಕಡತವನ್ನು ಯಾರು ಮುಟ್ಟಬಹುದು? ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಮೊದಲ್ಗೊಂಡ ಯುನಿಕ್ಸ್ ವ್ಯವಸ್ಥೆಯು ಇದಕ್ಕೊಂದು ಸರಳ ಕ್ರಮವನ್ನು ರೂಢಿಗೆ ತಂದಿತು. ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು, ಉಳಿದವರೆಲ್ಲ ಇತರರು. ಓದುವುದು, ಬರೆಯುವುದು, ಕಾರ್ಯಕ್ಕೆ ಹಚ್ಚುವುದು ಎಂಬ ಮೂರು ಅನುಮತಿಗಳನ್ನು ಈ ಮೂರು ವರ್ಗಗಳಿಗೂ ಬೇರೆ ಬೇರೆಯಾಗಿ ಕೊಡಬಹುದು, ಹಿಂದೆಗೆದುಕೊಳ್ಳಬಹುದು.

ಇಂಥ ಕಟ್ಟುಪಾಡಿನ ಬೆಲೆ ಪಹಣಿಯಲ್ಲಿ ಚೆನ್ನಾಗಿ ಕಾಣುತ್ತದೆ. ಕರ್ನಾಟಕ ಸರ್ಕಾರವು 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಕೈಬರಹದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಪಹಣಿಯ ಪ್ರತಿಯನ್ನು ಯಾರು ಬೇಕಾದರೂ ಪಡೆದು ಓದಬಹುದು. ಅದನ್ನು ತಿದ್ದುವ ಅಧಿಕಾರವಾದರೋ ಬೆರಳಚ್ಚಿನಿಂದ ತಮ್ಮ ಗುರುತನ್ನು ದೃಢಪಡಿಸಿದ ಕಂದಾಯ ಸಿಬ್ಬಂದಿಗೆ ಮಾತ್ರ ಮೀಸಲಾಯಿತು. ನೆಲದ ಒಡೆಯನೂ ತನ್ನ ಪಹಣಿಯ ಒಂದಕ್ಷರವನ್ನು ತಾನೇ ಬದಲಿಸಲಾರ. ಒಂದು ಹೆಸರು ಅಳಿದರೆ ಒಂದು ಮನೆತನದ ಅನ್ನವೇ ಅಳಿಯಬಹುದಲ್ಲವೇ?

ಆದರೆ ಅನುಮತಿಯ ಲೆಕ್ಕದಲ್ಲಿ ಸೂಕ್ಷ್ಮಗಳೂ ಉಂಟು. ಯುನಿಕ್ಸ್ ಕ್ರಮದಲ್ಲಿ ಕಡತವೊಂದಕ್ಕೆ ಬರೆಯುವ ಅನುಮತಿ ಇಲ್ಲದವನೂ, ಅದನ್ನಿರಿಸಿದ ಕೋಶದಲ್ಲಿ ಬರೆಯುವ ಅನುಮತಿ ಪಡೆದಿದ್ದರೆ, ಸಾಮಾನ್ಯವಾಗಿ ಆ ಕಡತವನ್ನೇ ಅಳಿಸಿಹಾಕಬಲ್ಲ. ಪೆಟ್ಟಿಗೆಗೆ ಬೀಗವಿದ್ದರೂ ಪೆಟ್ಟಿಗೆಯನ್ನೇ ಹೊತ್ತೊಯ್ದಂತೆ! ನೌಕರನೊಬ್ಬ ವರ್ಗವಾಗಿ ಹೋದರೂ ಅವನ ಕಡತಗಳು ಅವನ ಹೆಸರಿನಲ್ಲಿಯೇ ಉಳಿಯುತ್ತವೆ. ವ್ಯವಸ್ಥಾಪಕನು ಅವುಗಳ ಒಡೆತನವನ್ನು ಮುಂದಿನವನಿಗೆ ಒಪ್ಪಿಸಬೇಕಾಗುತ್ತದೆ. ತೊಡಕು ಬಂದಾಗಲೆಲ್ಲ ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದು ಸುಲಭದ ದಾರಿಯಂತೆ ತೋರುತ್ತದೆ. ಅದು ಸುಲಭವೇನೋ ಹೌದು, ಕ್ಷೇಮವಲ್ಲ.

ಬೆಟ್ಟವನ್ನು ಮನಬಂದಂತೆ ಕಡಿಯಗೊಟ್ಟರೆ ಅದು ಬೋಳಾಗುತ್ತದೆ. ಬೇಲಿ ಬಿಗಿದು ಯಾರನ್ನೂ ಬಿಡದಿದ್ದರೆ ತೋಟ ಸೊರಗುತ್ತದೆ. ಯಾರಿಗೆ ಯಾವ ಕೆಲಸವೋ ಅದಕ್ಕೆ ಬೇಕಾದಷ್ಟೇ ಅನುಮತಿ ಸಲ್ಲಬೇಕು. ಆ ಅಳತೆಯನ್ನು ನಿರ್ಧರಿಸುವುದು ಯಂತ್ರದಿಂದಾಗದು. ಅದು ಮನುಷ್ಯನ ಹೊಣೆ.