ನೂರಿಪ್ಪತ್ತು ಕೋಟಿಯ ಸಂಸಾರ

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಆರು ರನ್ನುಗಳಿಂದ ಗೆದ್ದು ಮೊದಲ ಬಾರಿಗೆ ಐಪಿಎಲ್ ಕಪ್ಪನ್ನು ಎತ್ತಿದಾಗ, ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ನಡುರಾತ್ರಿ ಕಳೆದರೂ ಪಟಾಕಿಯ ಸದ್ದು ನಿಲ್ಲಲಿಲ್ಲ. ಮಾರನೆಯ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ ಹನ್ನೊಂದು ಜನ ತೀರಿಕೊಂಡರು. ಆಮೇಲೆ ಆ ಗೆಲುವಿನ ಬಗೆಗೆ ಬರೆಯಲು ಮನಸ್ಸಾಗಲಿಲ್ಲ. ಈಗ ಬರೆಯುತ್ತಿರುವುದೂ ಗೆಲುವಿನ ಬಗೆಗಲ್ಲ, ಲೆಕ್ಕದ ಬಗೆಗೆ. ಗಣಿತದ ಮೇಷ್ಟರಿಂದ ನನ್ನ ಹಳೆಯ ವಿದ್ಯಾರ್ಥಿಗಳು ಬೇರೇನನ್ನು ತಾನೇ ನಿರೀಕ್ಷಿಸಿಯಾರು!

ಐಪಿಎಲ್‌ನಲ್ಲಿ ಪ್ರತಿಯೊಂದು ತಂಡವೂ ಆಟಗಾರರಿಗಾಗಿ ಇಷ್ಟೇ ವೆಚ್ಚ ಮಾಡಬೇಕೆಂಬ ಮಿತಿಯುಂಟು. ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ 1994ರಲ್ಲಿ ಜಾರಿಗೆ ಬಂದ ವೇತನಮಿತಿಯ ದಾಯಾದಿ ಇದು ಎನ್ನಬಹುದು. ಮಾಲೀಕರ ತಿಜೋರಿ ಎಷ್ಟೇ ದೊಡ್ಡದಿರಲಿ, ಹರಾಜಿಗೆ ತರುವ ಚೀಲ ಎಲ್ಲರಿಗೂ ಒಂದೇ ಅಳತೆಯದು. 2018ರಲ್ಲಿ ಅದು 80 ಕೋಟಿ ರೂಪಾಯಿ, 2025ಕ್ಕೆ 120 ಕೋಟಿ. ಮಿತಿಯಿರುವುದು ಒಟ್ಟು ಮೊತ್ತಕ್ಕೆ. ಆದುದರಿಂದ ಒಬ್ಬರಿಗೆ ಹೆಚ್ಚು ಸುರಿದರೆ ಆ ಹಣ ಮತ್ತೊಬ್ಬರ ಪಾಲಿನಿಂದಲೇ ಬರಬೇಕು.

2018ರಲ್ಲಿ ನಮ್ಮ ತಂಡ ಕೊಹ್ಲಿಯವರಿಗೆ 17 ಕೋಟಿ, ಡಿವಿಲಿಯರ್ಸ್ ಅವರಿಗೆ 11 ಕೋಟಿ ಕೊಟ್ಟಿತು. ಎಂಬತ್ತರಲ್ಲಿ ಇಪ್ಪತ್ತೆಂಟು, ಎಂದರೆ ಶೇಕಡ 35 ಭಾಗ, ಇಬ್ಬರಿಗೇ! ಬ್ಯಾಟಿಂಗ್ ನೋಡಲು ಹಬ್ಬ. ಕೊನೆಯ ಓವರುಗಳಲ್ಲಿ ಮಾತ್ರ ಎದೆ ಡವಡವ. ಆ ವರ್ಷ ದೊರೆತದ್ದು ಆರನೆಯ ಸ್ಥಾನ.

2025ರ ತಂಡವನ್ನು ಕಟ್ಟುವಾಗ ಕೊಹ್ಲಿಯವರಿಗೆ 21 ಕೋಟಿ ಕೊಟ್ಟರೂ, ಒಟ್ಟು ಮೂವರನ್ನಷ್ಟೇ ಉಳಿಸಿಕೊಂಡು, 83 ಕೋಟಿಯೊಡನೆ ಜೆಡ್ಡಾದ ಹರಾಜಿಗೆ ಹೋದರು. ನಮ್ಮವರೇ ಆದ ರಾಹುಲ್ 14 ಕೋಟಿಗೆ ದೆಹಲಿಯ ಪಾಲಾದಾಗ ನನಗೂ ಸಿಟ್ಟು ಬಂದಿತ್ತು. ಆದರೆ ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ ಎಂದು ಹಣ ಬೌಲರುಗಳ ಕಡೆಗೂ ಹರಿಯಿತು. ಅಂತಿಮ ಪಂದ್ಯದಲ್ಲಿ 17 ರನ್ನಿಗೆ ಎರಡು ವಿಕೆಟ್ ಪಡೆದು ಪಂದ್ಯಪುರುಷರಾದ ಕೃಣಾಲ್ ಪಾಂಡ್ಯ ಅವರ ಬೆಲೆ 5.75 ಕೋಟಿ. ಎದುರು ತಂಡದ ನಾಯಕ, 26.75 ಕೋಟಿಯ ಶ್ರೇಯಸ್ ಅಯ್ಯರ್ ಅವರನ್ನು ಒಂದೇ ರನ್ನಿಗೆ ಹಿಂದಕ್ಕೆ ಕಳುಹಿಸಿದವರು ಒಂದೂವರೆ ಕೋಟಿಯ ಶೆಫರ್ಡ್.

ಮೊನ್ನೆ ಮಗಳು ಬಂದಿದ್ದಾಗ ಹಾಳೆಯ ಮೇಲೆ ಇದನ್ನೆಲ್ಲ ಬರೆದು, ಹಳೆಯ ಅಭ್ಯಾಸದಂತೆ ಪಾಠ ಮಾಡಿದೆ. ಅವಳು ಕೊನೆಯವರೆಗೂ ಕೇಳಿ, "ಅಪ್ಪ, ನಮ್ಮ ಮನೆಯಲ್ಲೂ ಒಬ್ಬ ಕೊಹ್ಲಿ ಇದ್ದ, ಅಲ್ಲವಾ?" ಎಂದಳು.

ನನ್ನ ಸಂಬಳಕ್ಕೂ ಒಂದು ಮಿತಿಯಿತ್ತು. ದೊಡ್ಡವನ ಇಂಜಿನಿಯರಿಂಗ್ ಓದಿಗೆ ಅದರ ಅರ್ಧಭಾಗ ಹೋಗುತ್ತಿದ್ದ ವರ್ಷಗಳಲ್ಲಿ, ಎಂ.ಎಸ್ಸಿ. ಓದುತ್ತೇನೆಂದ ಅವಳಿಗೆ "ಮುಂದಿನ ವರ್ಷ ನೋಡೋಣ ಕಣಮ್ಮ" ಎಂದಿದ್ದೆ. ಮುಂದಿನ ವರ್ಷ ಅವಳ ಮದುವೆಯಾಯಿತು.

ಅವಳು ನಗುತ್ತಲೇ ಹೇಳಿದ್ದು. ನಾನು ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ.